ಒಟ್ಟಿಗೆ ಭಯಪಡುವ ಹಾಗಿಲ್ಲ

ಮಾರ್ಚ್ ೩, ಮಂಗಳವಾರ

ಟೈರ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಪ್ರತಿ ಪುಟದ ಕೆಳಗೂ ಗಾಳಿಯ ಒತ್ತಡದ ಬಗ್ಗೆ ಒಂದೊಂದು ಉಪದೇಶ. ಎರಡು ತಿಂಗಳು ಖಾಲಿ ಬಿದ್ದಿತ್ತು. ಇವತ್ತು ಆಸ್ಪತ್ರೆಯ ನರ್ಸು ನನ್ನ ರಕ್ತದೊತ್ತಡ ನೋಡಿ, "ಡೆಲ್ಮಾ, ಯಾರ ಮೇಲಾದ್ರೂ ಕೂಗಾಡ್ಬೇಕು ಅನ್ನಿಸಿದ್ರೆ ಮೊದ್ಲು ಬರ್ದಿಡು, ಆಮೇಲೆ ಕೂಗಾಡು" ಅಂದಳು. ಹಾಗಾಗಿ ಬರೆಯುತ್ತಿದ್ದೇನೆ.

ವಾಲ್ ಡ್ರಿಸ್ಕಲ್‌ನ ಬಲಗಾಲು ಎರಡು ಕಡೆ ಮುರಿದಿದೆ. ಇಪ್ಪತ್ತೆರಡು ವರ್ಷದಿಂದ ನನ್ನ ದನದ ಲಾರಿ ಓಡಿಸುತ್ತಿರುವ ಮನುಷ್ಯ. ನನ್ನ ಗಂಡ ತೀರಿಕೊಂಡಾಗ ನಾನು ಅಡುಗೆಮನೆ ಬಿಟ್ಟು ಹೊರಗೇ ಬರದೆ ಕೂತಿದ್ದೆ. ಆಗ ಮೂರು ಲಾರಿಗಳನ್ನೂ ನೋಡಿಕೊಂಡು ಈ ಕಂಪನಿಯನ್ನು ಉಳಿಸಿದವನು ಅವನೇ.

ನಿನ್ನೆ ಟಾರ್ಕೂ ಡೌನ್ಸ್ ಫಾರಂನಲ್ಲಿ ಹೋರಿಗಳನ್ನು ಲಾರಿಗೆ ಹತ್ತಿಸುತ್ತಿದ್ದ. ಅಲ್ಲಿ ದನ ಹತ್ತಿಸುವ ಇಳಿಜಾರು ರ‍್ಯಾಂಪನ್ನು ಈಗಿನ ಮಾಲೀಕ ರೋಡ್ರಿಕ್ ಸ್ಪೆನ್ಸ್ಲಿಯ ತಾತ ಕಟ್ಟಿಸಿದ್ದು. ಹಳೆ ಬೋರ್‌ವೆಲ್ ಪೈಪಿನ ಕಂಬ, ಮರದ ಹಲಗೆ. ಈಗ ಆ ಹಲಗೆಗಳು ಉಳಿದಿರುವುದು ಗೆದ್ದಲುಗಳ ದಯೆಯಿಂದ. ಡ್ರೈವರು ನಿಲ್ಲುವುದಕ್ಕೆ ಪಕ್ಕದಲ್ಲಿ ಜಾಗವಿಲ್ಲ, ಹಿಡಿಯುವುದಕ್ಕೆ ಕಂಬಿಯಿಲ್ಲ. ದನಗಳ ಹಿಂದೆಯೇ ಹತ್ತಿ ಹೋಗಿ ಟ್ರೇಲರಿನ ಬಾಗಿಲು ಹಾಕಬೇಕು. ಹಲಗೆ ಮುರಿದು ವಾಲ್‌ನ ಕಾಲು ಒಳಗೆ ಹೋಯಿತು. ಅದೇ ಹೊತ್ತಿಗೆ ಐನೂರು ಕಿಲೋದ ಹೋರಿಯೊಂದು ಪ್ರಯಾಣದ ಮನಸ್ಸು ಬದಲಾಯಿಸಿ ವಾಪಸು ಬಂತು.

ಸ್ಪೆನ್ಸ್ಲಿ ಫೋನ್ ಮಾಡಿದ. ಕ್ಷಮೆ ಕೇಳುತ್ತಾನೆ ಅಂದುಕೊಂಡೆ.

"ನಿನ್ನ ಡ್ರೈವರು ಕಾಲು ನೋಡಿ ಇಡ್ಬೇಕಿತ್ತು ಡೆಲ್ಮಾ. ಇನ್ನೂ ಹನ್ನೆರಡು ಹೋರಿ ಬಾಕಿ ಇದಾವೆ. ಯಾವಾಗ ಕಳಿಸ್ತೀಯ?"

ಆ ರ‍್ಯಾಂಪು ರಿಪೇರಿಯಾಗುವ ತನಕ ನನ್ನ ಕಡೆಯ ಯಾರೂ ಅಲ್ಲಿ ಕಾಲಿಡುವುದಿಲ್ಲ. ಬರೆದಾಯಿತು, ಇನ್ನು ಕೂಗಾಡಲು ಹೋಗುತ್ತೇನೆ.

ಮಾರ್ಚ್ ೭, ಶನಿವಾರ

ನಾನು ಹೋಗದಿದ್ದರೆ ಡಗಲ್ ಕ್ರೌಚ್ ಹೋಗುತ್ತಾನೆ. ಡಗಲ್ ಹೋಗದಿದ್ದರೆ ಲೆಸ್ ಹುಗನ್ ಹೋಗುತ್ತಾನೆ. ಈ ಗಿಜ್ಜಿ ಕ್ರೀಕ್ ಊರಿನಲ್ಲಿ ದನ ಸಾಗಿಸುವವರು ನಾವು ಮೂವರೇ. ಮೂವತ್ತು ವರ್ಷದಿಂದ ಒಬ್ಬರ ಹೊಟ್ಟೆಯ ಮೇಲೆ ಒಬ್ಬರು ಹೊಡೆಯುತ್ತ ಸುಖವಾಗಿದ್ದೇವೆ. ಇಬ್ಬರನ್ನೂ ಪಬ್ಬಿನ ಹಿಂದಿನ ವರಾಂಡಕ್ಕೆ ಕರೆಸಿದೆ.

ಡಗಲ್ ಬರುವುದು ಅನುಮಾನವಿತ್ತು. ಅವನ ಟೈರುಗಳು ಅವನ ತಲೆಯಷ್ಟೇ ಬೋಳು, ಬ್ರೇಕು ದೇವರಿಗೇ ಪ್ರೀತಿ. ಆದರೆ ಬಂದ. ನಾನು ಹೇಳಿದ್ದನ್ನೆಲ್ಲ ಬಿಯರ್ ಹೀರುತ್ತ ಕೇಳಿ, "ನನ್ ಲಾರಿ ಓಡಿಸೋಕೇ ಹೆದರದವ್ನು ನಾನು, ಆ ರ‍್ಯಾಂಪಿಗೆ ಹೆದರ್ತೀನಿ. ಸಾಕಲ್ವಾ ಮಾರಾಯ್ತಿ?" ಅಂದ. ಲೆಸ್ ಬಾಯಲ್ಲಿ ಮಾಂಸದ ಪೈ ಇತ್ತು, ತಲೆಯಾಡಿಸಿದ.

ಮೂವರೂ ಕೈ ಕುಲುಕಿದೆವು. ರಿಪೇರಿಯಾಗುವ ತನಕ ಟಾರ್ಕೂ ಡೌನ್ಸಿಗೆ ಒಬ್ಬರೂ ಹೋಗುವುದಿಲ್ಲ. ಇದಕ್ಕೆ ಹಿಡಿದದ್ದು ಹತ್ತು ನಿಮಿಷ. ಸಮಿತಿಗೆ ಹೆಸರಿಡುವುದಕ್ಕೆ ಎರಡು ಗಂಟೆ. 'ಸುರಕ್ಷಿತ' ಮೊದಲು ಬರಬೇಕೋ 'ನ್ಯಾಯಯುತ' ಮೊದಲು ಬರಬೇಕೋ ಎಂದು ಲೆಸ್ ಪಟ್ಟು ಹಿಡಿದ. ಕೊನೆಗೆ 'ಗಿಜ್ಜಿ ಕ್ರೀಕ್ ಸುರಕ್ಷಿತ ಹಾಗೂ ನ್ಯಾಯಯುತ ಸಾಗಾಟ ಸಮಿತಿ' ಎಂದಾಯಿತು. ನಾನು ಅಧ್ಯಕ್ಷೆ, ಲೆಸ್ ಉಪಾಧ್ಯಕ್ಷ. ಡಗಲ್‌ಗೆ ಯಾವ ಹುದ್ದೆಯೂ ಬೇಡವಂತೆ. ಹಾಗಾಗಿ ಅವನೇ ಸದಸ್ಯರು.

ಮಾರ್ಚ್ ೧೨, ಗುರುವಾರ

ಸ್ಪೆನ್ಸ್ಲಿ ಬೆಳಿಗ್ಗೆ ನನಗೆ, ಮಧ್ಯಾಹ್ನ ಲೆಸ್‌ಗೆ, ಸಂಜೆ ಡಗಲ್‌ಗೆ ಫೋನ್ ಮಾಡಿದನಂತೆ. ಮೂವರೂ ಆಗುವುದಿಲ್ಲ ಎಂದೆವು. ಇಂಥ ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಫಳಫಳ ಹೊಳೆಯುವ ಹಳದಿ ಜಾಕೆಟ್ಟುಗಳು ಬಂದವು. ನನ್ನದರ ಬೆನ್ನ ಮೇಲೆ 'ಅಧ್ಯಕ್ಷೆ' ಎಂದಿದೆ. ಅಂಗಡಿಗೆ ಹಾಲು ತರಲು ಹೋದಾಗ ಹಾಕಿಕೊಂಡು ಹೋದೆ, ಅಳತೆ ಸರಿಯಿದೆಯೋ ಎಂದು ನೋಡಲಿಕ್ಕೆ.

ಮಾರ್ಚ್ ೨೩, ಸೋಮವಾರ

ವಾಲ್ ಆಸ್ಪತ್ರೆಯಿಂದ ಬಂದಿದ್ದಾನೆ. ಪ್ಲಾಸ್ಟರ್ ಹಾಕಿದ ಕಾಲನ್ನು ಕುರ್ಚಿಯ ಮೇಲೆ ಚಾಚಿಕೊಂಡು ಆಫೀಸಿನ ಫೋನ್ ನೋಡಿಕೊಳ್ಳುತ್ತಾನೆ. ಸಮಿತಿ ಸ್ಪೆನ್ಸ್ಲಿಗೆ ಕಳಿಸಲಿರುವ ಹದಿನಾಲ್ಕು ಪುಟದ ಪ್ರಶ್ನಾವಳಿಯನ್ನು ಅವನಿಗೆ ತೋರಿಸಿದೆ.

"ಇಷ್ಟೆಲ್ಲ ಯಾಕೆ ಡೆಲ್? ಎರಡು ಪೈಪು, ಎಂಟು ಹಲಗೆ, ಒಂದು ವೆಲ್ಡಿಂಗ್ ಮಿಷನ್ನು. ನನ್ ಕಾಲು ಸರಿ ಇದ್ದಿದ್ರೆ ಒಂದೇ ಬೆಳಿಗ್ಗೆ ಕೆಲ್ಸ."

"ಹಲಗೆ ಪ್ರಶ್ನೆ ಅಲ್ಲ ಕಣೋ, ತತ್ವದ ಪ್ರಶ್ನೆ."

"ನಾನು ಬಿದ್ದಿದ್ದು ಹಲಗೆ ಮುರಿದು."

ವಾಲ್ ಒಳ್ಳೆಯವನು, ಆದರೆ ವಿಷಯವನ್ನು ದೊಡ್ಡದಾಗಿ ನೋಡುವ ಅಭ್ಯಾಸ ಅವನಿಗಿಲ್ಲ. ಪ್ರಶ್ನಾವಳಿಯ ಮೊದಲ ಎರಡು ಪುಟಗಳಲ್ಲಿ ರ‍್ಯಾಂಪು ಎಂದರೇನು ಎಂಬುದನ್ನು ನಾನೇ ಕೂತು ಬರೆದಿದ್ದೇನೆ. ತುಂಬ ಚೆನ್ನಾಗಿ ಬಂದಿದೆ.

ಏಪ್ರಿಲ್ ೯, ಗುರುವಾರ

ಸ್ಪೆನ್ಸ್ಲಿಯ ವಕೀಲರಿಂದ ಪತ್ರ. ಒಂದೇ ವ್ಯಾಪಾರದ ಮೂವರು ಸೇರಿ, ಮಾತಾಡಿಕೊಂಡು, ಒಬ್ಬ ಗಿರಾಕಿಗೆ ಸೇವೆ ನಿರಾಕರಿಸುವುದು ನ್ಯಾಯಯುತ ಸ್ಪರ್ಧೆಗೆ ವಿರುದ್ಧವಾದ ಅಪರಾಧವಂತೆ. ದಂಡದ ಮೊತ್ತ ಓದಿ ಮೇಜು ಹಿಡಿದುಕೊಂಡೆ. ಮೂರು ಲಾರಿ, ಮನೆ, ನಾಯಿ ಎಲ್ಲ ಮಾರಿದರೂ ಸಾಲದು.

ಟೂವೂಂಬಾ ನಗರದಲ್ಲಿರುವ ನಮ್ಮ ವಕೀಲೆಗೆ ಫೋನ್ ಮಾಡಿದೆ. ಆಕೆ ನಿಧಾನವಾಗಿ ಮಾತಾಡುತ್ತಾರೆ.

"ರ‍್ಯಾಂಪು ಅಪಾಯ ಅನ್ನೋದು ನಿಜಾನೇ ಇರ್ಬಹುದು ಮಿಸೆಸ್ ಪಾಸ್ಕೋ. ಆದ್ರೆ ಕಾನೂನಿನ ಪ್ರಕಾರ ಇಲ್ಲಿ ಅಪಾಯ ಇರೋದು ನೀವು ಕೈ ಕುಲುಕಿದ್ರಲ್ಲ, ಅದ್ರಲ್ಲಿ."

"ನಮ್ಮವನ ಕಾಲು ಮುರಿದಿದೆ!"

"ಪಾಪ. ನೋಡಿ, ನೀವು ಮೂವರೂ ಒಬ್ಬೊಬ್ರೇ ಭಯಪಡ್ಬಹುದು. ಅದಕ್ಕೆ ಅಡ್ಡಿಯಿಲ್ಲ. ಒಟ್ಟಿಗೆ ಭಯಪಡೋ ಹಾಗಿಲ್ಲ."

ಸಮಿತಿಯ ಹೆಸರಿನಲ್ಲಿ 'ನ್ಯಾಯಯುತ' ಎಂದು ನಾವೇ ಬರೆದುಕೊಂಡಿದ್ದೇವೆ, ಅದು ನಮಗೆ ಪ್ಲಸ್ ಅಲ್ಲವೇ ಎಂದು ಕೇಳಿದೆ. ಆ ಪ್ರಶ್ನೆಗೆ ಫೀಸು ಹಾಕುವುದಿಲ್ಲ ಎಂದರು.

ಏಪ್ರಿಲ್ ೧೧, ಶನಿವಾರ

ಸಮಿತಿಯ ತುರ್ತು ಸಭೆ. ರ‍್ಯಾಂಪಿನ ವಿಷಯ ಪರಸ್ಪರ ಮಾತಾಡಬಾರದು ಎಂದು ವಕೀಲರ ಸಲಹೆ. ಬೇರೆ ವಿಷಯ ಸಮಿತಿಗಿಲ್ಲ. ಹಾಗಾಗಿ ಪಬ್ಬಿನಲ್ಲಿ ಮೂವರೂ ಮೂರು ಮೇಜಿಗೆ, ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತೆವು.

ನಾನು ಗೋಡೆಯ ಕ್ಯಾಲೆಂಡರಿಗೆ, "ನಾನು ನನ್ನಷ್ಟಕ್ಕೇ ಯೋಚ್ನೆ ಮಾಡ್ತಿದೀನಿ" ಅಂದೆ.

ಲೆಸ್ ತನ್ನ ಪೈಗೆ, "ನಂಗೆ ದಂಡ ಕಟ್ಟೋಕಾಗಲ್ಲ" ಅಂದ.

ಡಗಲ್ ಟೊಮೆಟೊ ಸಾಸಿನ ಬಾಟಲಿಯನ್ನು ಕೈಗೆತ್ತಿಕೊಂಡ. "ನೋಡಪ್ಪ ಸಾಸು, ಇದನ್ನ ನಾನು ಯಾರಿಗೂ ಹೇಳ್ತಿಲ್ಲ, ನಿಂಗ್ ಮಾತ್ರ. ನಾನು ಹೋಗಲ್ಲ. ಕೈ ಕೊಟ್ಟಾಯ್ತು, ಮುಗೀತು. ಬೇರೆಯವ್ರು ಏನ್ಮಾಡ್ತಾರೋ ಅವ್ರಿಗೆ ಬಿಟ್ಟಿದ್ದು."

ಬಾರಿನಲ್ಲಿದ್ದವರೆಲ್ಲ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಡಗಲ್‌ಗೆ ಕಾನೂನಿನ ಗಾಂಭೀರ್ಯ ಗೊತ್ತಿಲ್ಲ.

ಏಪ್ರಿಲ್ ೨೦, ಸೋಮವಾರ

ಇದನ್ನು ವಿವರವಾಗಿ ಬರೆದಿಡಬೇಕು, ಮುಂದೆ ಯಾರಾದರೂ ತಪ್ಪು ತಿಳಿಯಬಾರದು.

ನಮ್ಮಲ್ಲಿ ಯಾರಾದರೂ ಒಬ್ಬರು ಸ್ಪೆನ್ಸ್ಲಿಗೆ ಸಾಗಾಟದ ದರ ಕೊಟ್ಟರೆ ಒಳಒಪ್ಪಂದದ ಅನುಮಾನವೇ ಉಳಿಯುವುದಿಲ್ಲ ಎಂದು ವಕೀಲೆ ಹೇಳಿದ್ದಾರೆ. ಅಂದರೆ ಮೂವರೂ ಉಳಿಯಬೇಕಾದರೆ ಒಬ್ಬರು ಹೋಗಬೇಕು. ಲೆಸ್ ಹೋದರೆ ಗಡಿಬಿಡಿಯಲ್ಲಿ ಯಾರನ್ನಾದರೂ ಸಾಯಿಸುತ್ತಾನೆ. ಡಗಲ್ ಹೋಗುವುದಿಲ್ಲ. ಉಳಿದವಳು ನಾನು. ಸುರಕ್ಷತೆಯ ಬಗ್ಗೆ ಹದಿನಾಲ್ಕು ಪುಟ ಬರೆದವಳು ಹೋದರೆ ಅಷ್ಟರ ಮಟ್ಟಿಗೆ ಆ ರ‍್ಯಾಂಪು ಸುರಕ್ಷಿತವಾಗುತ್ತದೆ. ಅಧ್ಯಕ್ಷೆಯಾದವಳು ತ್ಯಾಗಕ್ಕೂ ಸಿದ್ಧಳಿರಬೇಕು.

ದರ ಕೊಟ್ಟೆ. ಸ್ಪರ್ಧೆ ಕಣ್ಣಿಗೆ ಕಾಣಬೇಕಲ್ಲ, ಆದ್ದರಿಂದ ಡಗಲ್‌ನ ಎಂದಿನ ದರಕ್ಕಿಂತ ಸ್ವಲ್ಪ ಕೆಳಗೆ ಕೊಟ್ಟೆ. ಸ್ಪೆನ್ಸ್ಲಿ ಇಡೀ ಹಂಗಾಮಿನ ಸಾಗಾಟವನ್ನು ನನಗೇ ಬಿಟ್ಟ. ಹಾಗಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಎಣಿಸಿದ್ದರೂ ಅದು ಕಾರಣವಲ್ಲ.

ಏಪ್ರಿಲ್ ೨೩, ಗುರುವಾರ

ವಾಲ್‌ಗೆ ಹೇಳಿದೆ. "ಯಾರು ಹೋಗ್ತಾರೆ?" ಎಂದು ಕೇಳಿದ. ನಮ್ಮ ಇನ್ನೊಬ್ಬ ಡ್ರೈವರು ಮೆರೆಯಾನಾ ಅಂದೆ. ಅವನು ಊರುಗೋಲು ತೆಗೆದುಕೊಂಡು ಹೊರಗೆ ಹೋದ. ಕಾಲು ನೋಯುತ್ತಿರಬೇಕು.

ಏಪ್ರಿಲ್ ೨೮, ಮಂಗಳವಾರ

ಮೊದಲ ಲೋಡು ಸುಸೂತ್ರವಾಗಿ ಮುಗಿಯಿತು. ಮೆರೆಯಾನಾ ನ್ಯೂಜಿಲೆಂಡಿನವಳು, ನಲವತ್ತರ ಹೆಂಗಸು, ಗಟ್ಟಿಗಿತ್ತಿ. ನನ್ನಲ್ಲಿ ಸೇರಿ ಒಂದು ವರ್ಷವಾಯಿತು. ಅವಳನ್ನು ಹಾಗೇ ಕಳಿಸಲಿಲ್ಲ. ವಾಲ್ ಬಿದ್ದ ತೂತಿನ ಸುತ್ತ ಹಳದಿ ಬಣ್ಣ ಬಳಿಸಿದೆ. ಕೆಳಗೆ 'ಎಚ್ಚರ' ಎಂಬ ಬೋರ್ಡು ನಿಲ್ಲಿಸಿದೆ. ತೂತನ್ನು ಕಣ್ಣಾರೆ ನೋಡಿದ್ದೇನೆ, ಅದು ತೂತೇ ಎಂದು ಒಪ್ಪುತ್ತೇನೆ ಎಂದು ಮೂರು ಪ್ರತಿಗಳಲ್ಲಿ ಅವಳಿಂದ ಸಹಿ ಹಾಕಿಸಿದೆ.

"ಈ ಬಣ್ಣ ತಗೊಂಡ ದುಡ್ಡಲ್ಲೇ ಹಲಗೆ ಬರ್ತಿತ್ತಲ್ವಾ?" ಎಂದು ಅವಳು ಕೇಳಿದಳು. ಬೇರೆಯವರ ಆಸ್ತಿಯಲ್ಲಿ ನಾವು ಹಲಗೆ ಹಾಕಿದರೆ ನಾಳೆ ಆ ಹಲಗೆಗೆ ನಾವೇ ಹೊಣೆ ಎಂದು ತಿಳಿಸಿ ಹೇಳಿದೆ.

ಬಾಗಿಲಿಗೆ ಸಿಕ್ಕಿ ಅವಳ ಒಂದು ಉಗುರು ಹೋಗಿದೆ. ನಮ್ಮ ಅಪಘಾತ ವರದಿಯ ನಮೂನೆಯಲ್ಲಿ ಕೈ, ಕಾಲು, ತಲೆ, ಬೆನ್ನು ಇವೆ, ಉಗುರಿಗೆ ಜಾಗವಿಲ್ಲ. ಆದ್ದರಿಂದ ಅಪಘಾತ ಶೂನ್ಯ ಎಂದು ಬರೆದೆ.

ಮೇ ೬, ಬುಧವಾರ

ಡಗಲ್ ನನ್ನ ಆಫೀಸಿಗೆ ಬಂದ. ಕೂರು ಎಂದರೆ ಕೂರಲಿಲ್ಲ.

"ನನ್ ದರಕ್ಕಿಂತ ಕಮ್ಮಿ ಕೊಟ್ಯಂತೆ?"

"ಅದು ವಕೀಲರ ಸಲಹೆ ಡಗಲ್."

"ಕಮ್ಮಿ ಕೊಡು ಅಂತ ವಕೀಲ್ರು ಹೇಳಿದ್ರಾ?" ಎಂದು ವಾಲ್‌ನ ಕಾಲಿನ ಕಡೆ ನೋಡಿದ. "ನನ್ ಟೈರು ಬೋಳು ಅಂತ ಊರೆಲ್ಲ ಹೇಳ್ಕೊಂಡ್ ಬಂದೆ. ಹೇಳು, ನಿಜಾನೇ. ಆದ್ರೆ ಈ ವಯ್ಯನ ಕಾಲು ಮುರಿದಾಗ ಅತ್ತಿದ್ದು ನೀನು ಕಣೇ, ನಾನಲ್ಲ."

ಜಾಕೆಟ್ಟನ್ನು ಮೇಜಿನ ಮೇಲೆ ಎಸೆದು ಹೋದ. ಸಮಿತಿಯ ಆಸ್ತಿ, ಮಡಿಸಿ ಬೀರುವಿನಲ್ಲಿಟ್ಟೆ. ಮನಸ್ಸಿಗೆ ತುಂಬ ಬೇಸರವಾಯಿತು. ಒಳ್ಳೆಯ ಕೆಲಸ ಮಾಡುವವರಿಗೆ ಯಾವಾಗಲೂ ಇದೇ ಪಾಡು.

ಮೇ ೧೪, ಗುರುವಾರ

ಎರಡನೆಯ ಲೋಡಿನಲ್ಲಿ ಇನ್ನೊಂದು ಹಲಗೆ ಹೋಗಿದೆ, ಬಣ್ಣ ಬಳಿಯದೇ ಇದ್ದದ್ದು. ಮೆರೆಯಾನಾ ಬೀಳಲಿಲ್ಲ, ಕಂಬಕ್ಕೆ ಒಂದೇ ಕೈಯಲ್ಲಿ ಜೋತುಬಿದ್ದಳು. ದನಗಳು ಅವಳ ಕಾಲ ಕೆಳಗೆ ಹಾದು ಹೋದವಂತೆ. ಭುಜ ಉಳುಕಿದೆ. ವಾಲ್ ಕುಂಟುತ್ತಲೇ ಹೋಗಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಅವನ ಪ್ಲಾಸ್ಟರ್ ಬಿಚ್ಚಿ ಇನ್ನೂ ಒಂದು ವಾರ.

ಅವಳೂ ಸ್ವಲ್ಪ ನೋಡಿ ಹೆಜ್ಜೆ ಇಡಬೇಕಿತ್ತು. ಮಂಗಳವಾರದ ಲೋಡಿಗೆ ಆಗುತ್ತದೋ ಎಂದು ಕೇಳಿದೆ. ಕೆಲಸ ಬೇಕಲ್ಲ, ಬರ್ತೀನಿ ಅಂದಳು.

ಮೇ ೧೮, ಸೋಮವಾರ

ಬೆಳಿಗ್ಗೆ ಏಳಕ್ಕೆ ಸ್ಪೆನ್ಸ್ಲಿಯ ಫೋನು. ಅವನು ಏನು ಕೂಗುತ್ತಿದ್ದಾನೆ ಎಂದು ಅರ್ಥವಾಗಲು ಐದು ನಿಮಿಷ ಬೇಕಾಯಿತು. ನಿನ್ನೆ ಅವರೆಲ್ಲ ಕುದುರೆ ಪಂದ್ಯಕ್ಕೆ ಹೋಗಿದ್ದಾಗ ಯಾರೋ ಬಂದು ರ‍್ಯಾಂಪಿನ ಕಂಬಗಳನ್ನೆಲ್ಲ ಗ್ಯಾಸ್ ಕಟರಿನಲ್ಲಿ ಬುಡಕ್ಕೇ ಕತ್ತರಿಸಿ ಹಾಕಿದ್ದಾರೆ. ಪೈಪುಗಳನ್ನು ಒಂದು ಕಡೆ, ಹಲಗೆಗಳನ್ನು ಒಂದು ಕಡೆ ಜೋಡಿಸಿ ಇಟ್ಟಿದ್ದಾರೆ. 'ಎಚ್ಚರ' ಬೋರ್ಡನ್ನು ಒರೆಸಿ ಮೇಲಿಟ್ಟಿದ್ದಾರೆ.

ಎಂಟಕ್ಕೆ ವಾಲ್ ಆಫೀಸಿಗೆ ಬಂದ.

"ನಿನ್ ಗ್ಯಾಸ್ ಸಿಲಿಂಡರ್ ಖಾಲಿ ಆಗಿತ್ತು ಡೆಲ್. ತುಂಬಿಸ್ಕೊಂಡು ಬಂದಿದೀನಿ."

"ಏನೋ ಇದು ವಾಲ್? ಏನ್ ಮಾಡ್ಬಿಟ್ಟೆ?"

"ನಾಳೆ ಮೆರೆಯಾನಾ ಹತ್ಬೇಕಿತ್ತಲ್ಲ."

"ನಂಗೊಂದು ಮಾತು ಹೇಳೋದಲ್ವಾ?"

"ಹೇಳಿದ್ನಲ್ಲ. ಮಾರ್ಚಲ್ಲಿ."

ಕುರ್ಚಿಯಲ್ಲಿ ಕೂತು ಕಾಲು ಚಾಚಿ, ಫೋನ್ ಎತ್ತಿಕೊಂಡ.

ಮೇ ೨೦, ಬುಧವಾರ

ಕಾನ್‌ಸ್ಟೇಬಲ್ ಬಂದಿದ್ದ. ಟೀ ಕೊಟ್ಟೆ. ಕತ್ತರಿಸಿದವರು ಯಾರೆಂದು ಅಧ್ಯಕ್ಷೆಗೆ ಏನಾದರೂ ತಿಳಿದಿದೆಯೇ ಎಂದು ಕೇಳಿದ. ಅಧ್ಯಕ್ಷೆ ಎಂದೇ ಕರೆದ, ಅಷ್ಟು ಮರ್ಯಾದಸ್ಥ.

ತುಂಬ ಯೋಚಿಸಿದೆ. ನಾನು ಸುಮ್ಮನಿದ್ದರೆ ಸಮಿತಿಯೇ ಮಾಡಿಸಿತು ಎನ್ನುತ್ತಾರೆ, ಹಳೆ ದಂಡದ ಕಥೆ ಮತ್ತೆ ಶುರುವಾಗುತ್ತದೆ. ಹಂಗಾಮಿನ ಕೆಲಸವೂ ಹೋಗುತ್ತದೆ, ಆಗ ವಾಲ್‌ಗೆ ಸಂಬಳ ಕೊಡುವವರು ಯಾರು? ಅವನ ಹಿತದೃಷ್ಟಿಯಿಂದಲೂ ನಿಜ ಹೇಳುವುದೇ ಸರಿ ಎನಿಸಿತು. ನಾನೇ ಪೂರ್ತಿ ಬರೆದು ಸಹಿ ಮಾಡಿದೆ. ಕೊನೆಯಲ್ಲಿ 'ಇವನು ಒಳ್ಳೆಯ ಮನುಷ್ಯ' ಎಂದೂ ಸೇರಿಸಿದೆ. ಅದಕ್ಕೆ ಈ ಕಾಗದದಲ್ಲಿ ಜಾಗವಿಲ್ಲ ಎಂದು ಕಾನ್‌ಸ್ಟೇಬಲ್ ಹೊಡೆದು ಹಾಕಿಸಿದ.

ಮೇ ೨೭, ಬುಧವಾರ

ಆಶ್ಚರ್ಯ. ಎಂಟು ವಾರ ನಮ್ಮ ಪ್ರಶ್ನಾವಳಿಗೆ ಉತ್ತರ ಕೊಡದ ಸ್ಪೆನ್ಸ್ಲಿ ಒಂಬತ್ತೇ ದಿನದಲ್ಲಿ ಹೊಸ ರ‍್ಯಾಂಪು ಕಟ್ಟಿಸಿದ್ದಾನೆ. ಮಾಂಸದ ಬೆಲೆ ಏರಿದೆ, ಇತ್ತ ಹೋರಿಗಳು ಹುಲ್ಲು ಮುಗಿಸುತ್ತಿವೆ, ಹತ್ತಿಸಲು ದಾರಿಯೇ ಇಲ್ಲ. ಬೇರೇನು ಮಾಡಿಯಾನು? ಪೂರ್ತಿ ಉಕ್ಕಿನದು. ಡ್ರೈವರಿಗೆ ನಡೆಯಲು ಪಕ್ಕದಲ್ಲಿ ಬೇರೆ ಹಾದಿ, ಸೊಂಟದೆತ್ತರಕ್ಕೆ ಕಂಬಿ, ಹೊರಗಿನಿಂದಲೇ ಎಳೆದು ಮುಚ್ಚುವ ಬಾಗಿಲು.

ಸಮಿತಿ ಸಭೆ ಸೇರಿತು. ಹಾಜರಿದ್ದವರು ನಾನು ಮತ್ತು ಲೆಸ್. ಸಮಿತಿಯ ಎಡೆಬಿಡದ ಪ್ರಯತ್ನದಿಂದ ಹೊಸ ರ‍್ಯಾಂಪು ಆಗಿದೆ ಎಂದು ನಿರ್ಣಯ ಮಾಡಿದೆವು. ಪರವಾಗಿ ಒಂದು ಮತ. ಲೆಸ್ ಪೈ ತಿನ್ನುತ್ತಿದ್ದ, ಕೈ ಎತ್ತಲಿಲ್ಲ.

ಮೇ ೨೯, ಶುಕ್ರವಾರ

ವಾಲ್ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಹೋದ. ಸೋಮವಾರದಿಂದ ಡಗಲ್‌ನ ಲಾರಿ ಓಡಿಸುತ್ತಾನಂತೆ. ಹೊಸ ಟೈರು ಹಾಕಿಸಿದರೆ ಮಾತ್ರ ಬರುತ್ತೇನೆ ಎಂದನಂತೆ, ಡಗಲ್ ಹದಿನೆಂಟು ಹಾಕಿಸಿದ್ದಾನೆ.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸಕ್ಕರೆ ಮುಗಿದಿದೆ, ತರಿಸಿಡು ಅಂದ.

ಜೂನ್ ೪, ಗುರುವಾರ

ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಹೊಸ ರ‍್ಯಾಂಪಿನ ರಿಬ್ಬನ್ ಕತ್ತರಿಸಿದೆ. ಜಾಕೆಟ್ಟು ಹಾಕಿಕೊಂಡಿದ್ದೆ. ಬಂದವರು ಸ್ಪೆನ್ಸ್ಲಿ, ಅವನ ಹೆಂಡತಿ, ಮೆರೆಯಾನಾ ಮತ್ತು ನೂರೈವತ್ತು ಹೋರಿಗಳು. ವಾಲ್‌ನ ವಿಚಾರಣೆಯೂ ಇವತ್ತು ಹತ್ತಕ್ಕೇ ಇತ್ತು. ಡಗಲ್ ಮತ್ತು ಲೆಸ್ ಲಾರಿಗಳನ್ನು ನಿಲ್ಲಿಸಿ ಕೋರ್ಟಿಗೆ ಹೋಗಿದ್ದರು. ಒಟ್ಟಿಗೆ ಹೋದರೋ ಬೇರೆ ಬೇರೆ ಹೋದರೋ ತಿಳಿಯದು. ಕಾನೂನಿನ ದೃಷ್ಟಿಯಿಂದ ಅದು ಮುಖ್ಯ.

ಭಾಷಣ ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ. ಎರಡನೇ ಪುಟಕ್ಕೆ ಹೋರಿಗಳು ಕೂಗಲು ಶುರು ಮಾಡಿದವು, ನಿಲ್ಲಿಸಿದೆ. ಮೆರೆಯಾನಾ ಪಕ್ಕದ ಹಾದಿಯಲ್ಲಿ ಒಂದು ಕೈ ಕಂಬಿಯ ಮೇಲಿಟ್ಟು, ಸಂತೆಗೆ ಹೊರಟವಳ ಹಾಗೆ ಹತ್ತಿ ಹೋದಳು. ದನಗಳೇ ಒಳಗೆ, ಅವಳು ಹೊರಗೆ. ಟ್ರೇಲರುಗಳ ಆರು ಅಂತಸ್ತು ತುಂಬಲು ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ಯಾರೂ ಬೀಳಲಿಲ್ಲ. ಇದನ್ನು ನೋಡುತ್ತ ನನಗೆ ಖುಷಿಯಾಗಬೇಕಿತ್ತು. ಲಾರಿಯ ನೆರಳಿಗೆ ಹೋಗಿ ನಿಂತೆ.

ಕೆಲಸ ಮುಗಿಸಿ ಮೆರೆಯಾನಾ ಕೆಳಗಿಳಿದು ಬಂದು ರ‍್ಯಾಂಪಿಗೆ ಹೊಡೆದಿದ್ದ ಹಿತ್ತಾಳೆಯ ಫಲಕ ಓದಿದಳು. ಅದರಲ್ಲಿ ಸಮಿತಿಯ ಹೆಸರಿದೆ, ಸ್ಪೆನ್ಸ್ಲಿಯ ಹೆಸರಿದೆ, ನನ್ನ ಹೆಸರಿದೆ.

"ವಾಲ್ ಹೆಸ್ರು ಇಲ್ವಲ್ಲ" ಅಂದಳು. "ಎಲ್ಲಾದ್ರೂ ಒಂದ್ ಕಡೆ ಬರೀಬೇಕಿತ್ತು, ಅಲ್ವಾ?"

ಬರೆದಿದ್ದೇನೆ. ವ್ಯಾಲೆಂಟೈನ್ ಆರ್ಥರ್ ಡ್ರಿಸ್ಕಲ್ ಎಂದು, ಪೂರ್ತಿ, ನನ್ನ ಕೈಯಾರೆ, ಪೊಲೀಸರ ಕಾಗದದ ಮೇಲೆ. ಅವಳಿಗೆ ಮಾತ್ರ, ಕೇಕ್ ಇನ್ನೂ ಮಿಕ್ಕಿದೆ, ಒಂದು ತುಂಡು ತಗೋ ಅಂದೆ. ಬೇಡ ಅಂದಳು.